ಹೊಗೆ ಬಿಟ್ಟ ಕಾರು, ಆಪಾಳ ಚೀಟಿ ಹಣ



ಈ ಪುಟದಲ್ಲಿ ಗ್ಯಾಸ್ ಒಲೆ, ನೀರಿನ ಫಿಲ್ಟರ್, ಫ್ರಿಜ್ ಎಂದು ಮನೆಯೊಳಗಿನ ವಸ್ತುಗಳ ಬಗ್ಗೆಯೇ ಮಾತಾಡುತ್ತಾ ಬಂದಿದ್ದೇವೆ. ಈ ಸಲ ಗೇಟಿನ ಹೊರಗೆ ನಿಲ್ಲುವ ವಸ್ತುವಿನ ಮಾತು. ಕಾರಿನ ವಿಷಯ ಗಂಡಸರದ್ದು, ನಮಗೇಕೆ ಎಂದು ದಯವಿಟ್ಟು ಪುಟ ತಿರುವಿಬಿಡಬೇಡಿ. ಕಾರು ಕೊಳ್ಳುವಾಗ ಕೊನೆಗೆ ಕಡಿಮೆ ಬೀಳುವ ಹಣ ಯಾರ ಕಬೋರ್ಡಿನಿಂದ ಹೊರಬರುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ನಾವಿರುವುದು ಮೈಸೂರಿನ ಹೆಬ್ಬಾಳದಲ್ಲಿ. ಹೆಬ್ಬಾಳ ಎಂದ ಕೂಡಲೇ ಬೆಂಗಳೂರಿನ ಮೇಲ್ಸೇತುವೆ ನೆನಪಾಗುವವರಿಗಾಗಿ ಇದನ್ನು ಹೇಳುತ್ತಿದ್ದೇನೆ. ನಮ್ಮ ಹೆಬ್ಬಾಳದಲ್ಲಿ ಒಂದು ಕಡೆ ಇನ್ಫೋಸಿಸ್‌ನ ದೊಡ್ಡ ಆವರಣ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶದ ಸಾಲು ಸಾಲು ಶೆಡ್ಡುಗಳು. ಕಂಪ್ಯೂಟರಿನವರೂ ಲೇತ್ ಯಂತ್ರದವರೂ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುವ ಊರು. ನನ್ನ ಅಕ್ಕನ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇದೆ. ಅವಳನ್ನು ನಾವು ಆಪಾ ಎನ್ನುತ್ತೇವೆ. ಭಾವ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅಂದಿನಿಂದ ಹೊಲಿಗೆ ಯಂತ್ರದ ಮುಂದೆ ಕುಳಿತು ಮಗನನ್ನು ಓದಿಸಿದಳು. ಮಗ ಈಗ ಒಂದು ಕಂಪೆನಿಯಲ್ಲಿ ಕೆಲಸದಲ್ಲಿದ್ದಾನೆ. ಮನೆಯ ಮೇಲೆ ಒಂದು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟರೆ ತನ್ನ ಕಣ್ಣು ಮಂಜಾದ ಕಾಲಕ್ಕೆ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ ಎಂಬುದು ಅವಳ ಲೆಕ್ಕ. ಅದಕ್ಕಾಗಿ ಚೀಟಿ ಹಾಕಿ ಎರಡೂಮುಕ್ಕಾಲು ಲಕ್ಷ ಕೂಡಿಟ್ಟಿದ್ದಳು.

ಮಗನಿಗೆ ಚಿಕ್ಕಂದಿನಿಂದ ಕಾರಿನ ಹುಚ್ಚು. ಬೆಂಗಳೂರಿನಲ್ಲಿ ಯಾರೋ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಮಾರುತ್ತಿದ್ದಾರೆ ಎಂದು ಗೊತ್ತಾಯಿತು. 2004ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ, ಟರ್ಬೊ ಇರುವ ಪೆಟ್ರೋಲ್ ಕಾರು ಅದು. ಎಂಜಿನ್ 1.8 ಲೀಟರಿನದು, ಶಕ್ತಿ 150 ಅಶ್ವಶಕ್ತಿ. ಅದೇ ಕಾಲದಲ್ಲಿ ನಮ್ಮ ಬೀದಿಗಳಲ್ಲಿ ಓಡುತ್ತಿದ್ದ ನಾಲ್ಕು ಗೇರಿನ ಮಾರುತಿ 800ಕ್ಕೆ 37 ಅಶ್ವಶಕ್ತಿ ಎಂದರೆ ಅಂತರ ನೀವೇ ಊಹಿಸಿ. ನೋಡಲು ನಾಲ್ಕು ಬಾಗಿಲಿನ ಸಂಭಾವಿತ ಕಾರು, ಒಳಗೆ ರೇಸಿನ ಕುದುರೆ. "ಅಮ್ಮಿ, ಹೊಸದಾಗಿದ್ದಾಗ ಹದಿನೈದು ಲಕ್ಷದ ಹತ್ತಿರ ಇದ್ದ ಕಾರು ಈಗ ಇಷ್ಟಕ್ಕೇ ಸಿಗ್ತಿದೆ. ಆರು ತಿಂಗಳಲ್ಲಿ ನಿಮ್ಮ ಹಣ ಹಿಂದಿರುಗಿಸ್ತೀನಿ" ಎಂದ. ತಾಯಿ ಕೊಟ್ಟಳು. ನಾವೂ ಕೊಡುತ್ತಿದ್ದೆವು.

ಕಾರು ಬಂತು. ಬೆಳ್ಳಗೆ ಹೊಳೆಯುತ್ತಿತ್ತು, ಸೀಟು ತೊಳೆದಿಟ್ಟಿದ್ದರು, ಒಳಗೆ ಸುವಾಸನೆ. ಮೂರನೆಯ ವಾರ ಕೆಆರ್‌ಎಸ್ ರಸ್ತೆಯಲ್ಲಿ ಒಂದು ಬಸ್ಸನ್ನು ಹಿಂದಿಕ್ಕಲು ಹೋದಾಗ ಸಿಳ್ಳೆಯಂಥ ಸದ್ದು ಬಂದು ಕಾರಿನ ಎಳೆತವೇ ನಿಂತುಹೋಯಿತು. ಹಿಂದೆ ನೀಲಿ ಹೊಗೆ, ಎದುರಿಗೆ ಲಾರಿ. ಹೇಗೋ ಮಾಡಿ ಎಡಕ್ಕೆ ತಂದು ನಿಲ್ಲಿಸಿದ. ಪಕ್ಕದ ಸೀಟಿನಲ್ಲಿ ಆಪಾ ಇದ್ದಳು. ಮನೆಗೆ ಬಂದು ಎರಡು ದಿನ ಅವಳು ಮಾತಾಡಲಿಲ್ಲ.

ಮೊದಲು ಕರೆದೊಯ್ದ ಗ್ಯಾರೇಜಿನಲ್ಲಿ ಬಾನೆಟ್ ತೆಗೆದು ಐದು ನಿಮಿಷ ನೋಡಿ, "ಟರ್ಬೊ ಹೋಗಿದೆ, ಹೊಸದು ಹಾಕಬೇಕು" ಎಂದು ಒಂದು ಲಕ್ಷಕ್ಕೂ ಮೀರಿದ ಅಂದಾಜು ಬರೆದುಕೊಟ್ಟರು. ಅಲ್ಲೇ ಇದ್ದ ಒಬ್ಬ ದಲ್ಲಾಳಿ ಹುಡುಗನನ್ನು ಪಕ್ಕಕ್ಕೆ ಕರೆದು ಇನ್ನೊಂದು ದಾರಿ ತೋರಿಸಿದ. ಎಂಜಿನ್ನಿಗೆ ದಪ್ಪ ಎಣ್ಣೆ ಹಾಕಿ, ಹೊಗೆ ಕಡಿಮೆ ಮಾಡುವ ಒಂದು ಡಬ್ಬಿ ಸುರಿದರೆ ಹದಿನೈದು ದಿನ ಏನೂ ಕಾಣುವುದಿಲ್ಲವಂತೆ. ಅಷ್ಟರಲ್ಲಿ ಬೇರೆಯವರಿಗೆ ದಾಟಿಸಿಬಿಡಬಹುದಂತೆ. ಹುಡುಗ ನನ್ನ ಬಳಿ ಬಂದು, "ಖಾಲಾ, ನೀವೇ ಅಮ್ಮಿಗೆ ಹೇಳಿ" ಎಂದ. ಹೇಳಲು ಹೋದೆ. ಆಪಾ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಕೇಳಿದಳು: "ನಮಗೆ ಮಾರಿದವನೂ ಇದನ್ನೇ ಮಾಡಿದ್ದಲ್ಲವಾ? ಇನ್ನೊಬ್ಬಳ ಚೀಟಿ ಹಣ ತಂದು ನನ್ನ ಕೋಣೆ ಕಟ್ಟಿದರೆ ಆ ಬಾಡಿಗೆ ನನಗೆ ಹಲಾಲ್ ಆಗುತ್ತದಾ?" ಆ ಮಾತು ಅಲ್ಲಿಗೇ ಮುಗಿಯಿತು.

ಅಂದರೆ ಉಳಿದದ್ದು ಎರಡೇ ದಾರಿ. ಗುಜರಿಗೆ ಹಾಕುವುದು, ಇಲ್ಲವೇ ಸರಿಯಾಗಿ ರಿಪೇರಿ ಮಾಡುವುದು.

ಹೆಬ್ಬಾಳ ಕೈಗಾರಿಕಾ ಪ್ರದೇಶದ ಹಿಂದಿನ ರಸ್ತೆಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಹರೆಯದಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಮೈಸೂರಿನವರಿಗೆ ಅದರ ಪರಿಚಯ ಬೇಡ, ಬೇರೆ ಊರಿನವರಿಗಾಗಿ ಹೇಳುತ್ತೇನೆ. 1961ರಿಂದ ಜಾವಾ, ಆಮೇಲೆ 1973ರಿಂದ ಯೆಜ್ಡಿ ಹೆಸರಿನ ಮೋಟಾರ್ ಸೈಕಲ್‌ಗಳು ತಯಾರಾಗುತ್ತಿದ್ದುದು ಅಲ್ಲಿಯೇ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕೆಲಸ ಕಳೆದುಕೊಂಡವರಲ್ಲಿ ಎಷ್ಟೋ ಮಂದಿ ಕೈಯಲ್ಲಿದ್ದ ವಿದ್ಯೆಯನ್ನೇ ನಂಬಿ ಬದುಕಿದರು. ಕಂಪೆನಿ ಮುಚ್ಚಿ ಮೂರು ದಶಕ ಕಳೆಯುತ್ತಾ ಬಂದರೂ ಆ ಬೈಕುಗಳು ಈ ಊರಿನಲ್ಲಿ ಇನ್ನೂ ಓಡುತ್ತಿರುವುದಕ್ಕೆ ಇಂಥವರೇ ಕಾರಣ.

ಕಾರನ್ನು ಎಳೆದು ತಂದಾಗ ಅವರು ಟರ್ಬೊ ಕಡೆ ನೋಡಲೇ ಇಲ್ಲ. ಮೊದಲ ಪ್ರಶ್ನೆ, "ಆಯಿಲ್ ಬದಲಾಯಿಸಿದ ಬಿಲ್ಲು ಇದೆಯಾ?" ಇರಲಿಲ್ಲ. ಎಂಜಿನ್ನಿನ ಮೇಲಿನ ಎಣ್ಣೆ ಮುಚ್ಚಳ ತಿರುಗಿಸಿ ಆಪಾಳನ್ನು ಹತ್ತಿರ ಕರೆದರು. "ನೋಡಿ ಅಮ್ಮ, ನಿಮ್ಮ ಮನೇಲಿ ಕರಿದ ಎಣ್ಣೇನ ಬಾಣಲೇಲೇ ಬಿಟ್ಟು ಮತ್ತೆ ಮತ್ತೆ ಕಾಯಿಸಿದ್ರೆ ಅಂಚಿನಲ್ಲಿ ಏನು ಕೂರುತ್ತೆ?" ಮುಚ್ಚಳದ ಒಳಗೆ ಅದೇ ಇತ್ತು. ಕರಿ ಬೆಲ್ಲದ ಪಾಕದಂಥ ಜಿಡ್ಡು. ಬೆರಳಿಗೆ ಅಂಟಿದರೆ ಬಿಡುತ್ತಿರಲಿಲ್ಲ.

ಇಲ್ಲಿ ಟರ್ಬೊ ಎಂದರೇನು ಎಂದು ಎರಡು ಮಾತು ಹೇಳಬೇಕು. ಅಕ್ಕಸಾಲಿಗನ ತಿದಿಯನ್ನು ನೋಡಿದ್ದೀರಲ್ಲ, ಕೆಂಡಕ್ಕೆ ಗಾಳಿ ಹೆಚ್ಚಿಸಿದಷ್ಟೂ ಬೆಂಕಿ ಹೆಚ್ಚುತ್ತದೆ. ಎಂಜಿನ್ನಿನೊಳಗೂ ಅಷ್ಟೇ. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಚಿಕ್ಕ ಎಂಜಿನ್ನಿನಿಂದಲೇ ದೊಡ್ಡ ಶಕ್ತಿ ಪಡೆಯಬಹುದು. ಆ ತಿದಿಯನ್ನು ಒತ್ತುವವರು ಯಾರು? ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯೇ. ಸೈಲೆನ್ಸರಿನ ಕಡೆಗೆ ರಭಸದಿಂದ ನುಗ್ಗುವ ಬಿಸಿ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ರೆಕ್ಕೆಚಕ್ರ ಇಡುತ್ತಾರೆ. ಅದರ ಅಚ್ಚಿನ ಇನ್ನೊಂದು ತುದಿಯಲ್ಲಿ ಇನ್ನೊಂದು ರೆಕ್ಕೆಚಕ್ರ. ಹೊಗೆ ಒಂದನ್ನು ತಿರುಗಿಸಿದರೆ ಇನ್ನೊಂದು ತಾಜಾ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಪೋಲಾಗುವ ಹೊಗೆಯಿಂದ ದುಡಿಸಿಕೊಳ್ಳುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ ಎಂಬ ಎಂಜಿನಿಯರ್ 1905ರಲ್ಲೇ ಪೇಟೆಂಟ್ ಪಡೆದಿದ್ದರು.

ಉಪಾಯ ಸರಳ, ಆದರೆ ಅದರ ಬಾಳು ಕಷ್ಟದ್ದು. ನಮ್ಮ ಮಿಕ್ಸಿ ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗಿದರೇ ಪಕ್ಕದ ಮನೆಗೆ ಕೇಳಿಸುತ್ತದೆ. ಟರ್ಬೊದ ಅಚ್ಚು ಜೋರಾಗಿ ಓಡುವಾಗ ಒಂದು ಲಕ್ಷ ಸುತ್ತನ್ನೂ ಮೀರುತ್ತದೆ. ಒಂದು ಬದಿಯಲ್ಲಿ ಸುಮಾರು 900 ಡಿಗ್ರಿ ಬಿಸಿಯ ಹೊಗೆ, ಕೆಲವೇ ಅಂಗುಲದ ಆಚೆ ಹೊರಗಿನ ಗಾಳಿ. ಈ ನಡುವೆ ಅಚ್ಚು ಯಾವುದರ ಮೇಲೆ ನಿಂತಿದೆ ಎಂದರೆ, ಇಂಥ ಹಳೆಯ ಕಾರುಗಳಲ್ಲಿ ಎಂಜಿನ್ ಎಣ್ಣೆಯ ತೆಳುವಾದ ಒಂದು ಪದರದ ಮೇಲೆ. ಲೋಹಕ್ಕೆ ಲೋಹ ತಾಗದಂತೆ ಆ ಪದರ ಅದನ್ನು ತೇಲಿಸುತ್ತದೆ, ಬಿಸಿಯನ್ನೂ ಹೊತ್ತೊಯ್ಯುತ್ತದೆ. ಎಣ್ಣೆ ಕೆಲವು ಕ್ಷಣ ಬಾರದಿದ್ದರೂ ಬೇರಿಂಗ್ ಸವೆಯಲು ತೊಡಗುತ್ತದೆ. ಸವೆದ ಮೇಲೆ ಅಚ್ಚು ಅಲುಗಾಡುತ್ತದೆ, ರೆಕ್ಕೆಗಳು ಗೋಡೆಗೆ ಉಜ್ಜುತ್ತವೆ. ಆಪಾಳಿಗೆ ಕೇಳಿಸಿದ ಸಿಳ್ಳೆ ಅದೇ. ಜೊತೆಗೆ ಎಣ್ಣೆ ಹೊಗೆಯ ದಾರಿಗೆ ಸೋರಿ ಉರಿಯುತ್ತದೆ. ಅವಳು ಕಂಡ ನೀಲಿ ಹೊಗೆ ಅದು.

"ಟರ್ಬೊ ಸುಮ್ಮನೆ ಸಾಯಲ್ಲ ಅಮ್ಮ, ಸಾಯಿಸ್ತಾರೆ" ಎಂದರು ಮೆಕ್ಯಾನಿಕ್. ಎಣ್ಣೆ ಏಕೆ ತಲುಪಲಿಲ್ಲ ಎಂದು ಹುಡುಕದೆ ಹೊಸ ಟರ್ಬೊ ಹಾಕಿದರೆ ಅದೂ ಇದೇ ಸ್ಥಿತಿಗೆ ಬರುತ್ತಿತ್ತು, ಲಕ್ಷ ರೂಪಾಯಿ ನೀರಿನಲ್ಲಿ ಹೋಗುತ್ತಿತ್ತು. ಅವರು ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯನ್ನು ಬಿಚ್ಚಿ ಇಳಿಸಿದರು. ಅದರೊಳಗೆ ಎಣ್ಣೆ ಹೀರುವ ಕೊಳವೆಯ ಬಾಯಿಗೆ ಚಹಾ ಸೋಸುವ ಜಾಲರಿಯಂಥದ್ದು ಇರುತ್ತದೆ. ಅದರ ಮುಕ್ಕಾಲು ಭಾಗ ಕಪ್ಪು ಹರಳಿನಿಂದ ಮುಚ್ಚಿಹೋಗಿತ್ತು. ಟರ್ಬೊಗೆ ಎಣ್ಣೆ ಒಯ್ಯುವ ಸಣ್ಣ ಲೋಹದ ಕೊಳವೆಯನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಸೂಜಿ ತೂತಿನಷ್ಟು ಮಾತ್ರ ಕಂಡಿತು. ಒಳಗೆಲ್ಲ ಸುಟ್ಟು ಗಟ್ಟಿಯಾದ ಎಣ್ಣೆ. ಇಪ್ಪತ್ತು ವರ್ಷದ ಕಾರನ್ನು ಕೊಂದದ್ದು ಅದರ ವೇಗವಲ್ಲ, ಯಾರೋ ಉಳಿಸಿದ ನಾಲ್ಕಾರು ಸಾವಿರ ರೂಪಾಯಿಯ ಎಣ್ಣೆ.

ಇದು ನಮ್ಮ ಹುಡುಗನೊಬ್ಬನ ಹಣೆಬರಹವಲ್ಲ. ಇದೇ ಕುಟುಂಬದ 1.8 ಲೀಟರ್ ಟರ್ಬೊ ಎಂಜಿನ್ ಇದ್ದ ಫೋಕ್ಸ್‌ವ್ಯಾಗನ್ ಪಸಾಟ್ ಮತ್ತು ಆಡಿ ಎ4 ಕಾರುಗಳಲ್ಲಿ ಎಣ್ಣೆ ಹೀಗೆ ಜಿಡ್ಡಾಗುವ ದೂರು ಅಮೆರಿಕದಲ್ಲಿ ಎದ್ದಿತ್ತು. 2004ರಲ್ಲಿ ಕಂಪೆನಿ ಅಲ್ಲಿನ ಕಾರುಗಳಿಗೆ ಈ ತೊಂದರೆಯ ಮಟ್ಟಿಗೆ ವಾರಂಟಿಯನ್ನು ಎಂಟು ವರ್ಷಕ್ಕೆ ವಿಸ್ತರಿಸಿತು. ಆದರೆ ಹೊತ್ತು ಹೊತ್ತಿಗೆ ಎಣ್ಣೆ ಬದಲಿಸಿದ್ದಕ್ಕೆ ಮಾಲೀಕರು ದಾಖಲೆ ತೋರಿಸಬೇಕಿತ್ತು. ಅಲ್ಲಿಯೂ ಬಿಲ್ಲಿನ ಪ್ರಶ್ನೆಯೇ.

ಇನ್ನೂ ಹಿಂದಿನ ಕತೆಯೊಂದಿದೆ. ಅದನ್ನು ಹೇಳಿದಾಗ ಆಪಾ ಮೊದಲ ಸಲ ನಕ್ಕಳು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪೆನಿ ಜೆಟ್‌ಫೈರ್ ಎಂಬ ಕಾರು ಮಾಡಿತು. ಸಾಮಾನ್ಯರು ಕೊಳ್ಳುವ ಕಾರಿಗೆ ಟರ್ಬೊ ಜೋಡಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು. ಎಂಜಿನ್ ಒಳಗೆ ಇಂಧನ ಅಕಾಲದಲ್ಲಿ ಸಿಡಿಯದಂತೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಅದು ಸಿಂಪಡಿಸಿಕೊಳ್ಳುತ್ತಿತ್ತು. ಅದಕ್ಕೆ ಬೇರೆಯೇ ಪುಟ್ಟ ಟ್ಯಾಂಕು, ಮಾಲೀಕರು ಆಗಾಗ ತುಂಬಿಸುತ್ತಿರಬೇಕು. ಟ್ಯಾಂಕು ಖಾಲಿಯಾದರೆ ಕಾರು ತಾನಾಗಿಯೇ ಟರ್ಬೊದ ಒತ್ತಡ ತಗ್ಗಿಸಿಕೊಳ್ಳುತ್ತಿತ್ತು. ಕೊಂಡವರಲ್ಲಿ ಬಹಳ ಮಂದಿ ತುಂಬಿಸಲೇ ಇಲ್ಲ. ಕಾರಿಗೆ ಶಕ್ತಿಯಿಲ್ಲ ಎಂದು ದೂರು ಹೇಳುತ್ತಾ ಹಿಂದಿರುಗಿದರು. ಕೊನೆಗೆ ಕಂಪೆನಿಯೇ ಟರ್ಬೊ ಬಿಚ್ಚಿ ಸಾಧಾರಣ ಕಾರ್ಬ್ಯುರೇಟರ್ ಹಾಕಿಕೊಡಬೇಕಾಯಿತು.

"ನಮ್ಮ ಜಾವಾದಲ್ಲಿ ಆ ಚಿಂತೆ ಇರಲಿಲ್ಲ" ಎಂದರು ಮೆಕ್ಯಾನಿಕ್. ಅದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲ್ ಹಾಕಿಸುವಾಗಲೇ ಅದರೊಳಗೆ ಎಣ್ಣೆ ಬೆರೆಸುತ್ತಿದ್ದರು. ಹೊಟ್ಟೆಗೆ ಊಟ ಹೋದಾಗಲೆಲ್ಲ ಔಷಧಿಯೂ ಹೋಗುತ್ತಿತ್ತು. ಕಾರಿನ ಎಣ್ಣೆ ಹಾಗಲ್ಲ. ಆರು ತಿಂಗಳು, ವರ್ಷ ಕಣ್ಣಿಗೆ ಕಾಣದ ಕಡೆ ಕುಳಿತಿರುತ್ತದೆ. ಕಾಣದ್ದನ್ನು ನೆನಪಿಡುವವರು ಮನೆಯಲ್ಲಿ ಒಬ್ಬರಾದರೂ ಬೇಕು.

ರಿಪೇರಿ ಹೇಗೆ ನಡೆಯಿತು ಎಂದು ವಿವರವಾಗಿ ಬರೆದರೆ ಪುಟ ಸಾಲದು. ತೊಟ್ಟಿ, ಜಾಲರಿ, ಎಣ್ಣೆ ಪಂಪು ಸ್ವಚ್ಛವಾದವು. ಎಣ್ಣೆ ಕೊಳವೆ ಹೊಸದು ಬಂತು. ಅದನ್ನು ತೊಳೆದು ಮತ್ತೆ ಹಾಕಲು ಅವರು ಒಪ್ಪಲಿಲ್ಲ, ಒಳಗಿನ ಒಂದು ಹರಳು ಸಡಿಲವಾಗಿ ಬಂದರೆ ಹೊಸ ಬೇರಿಂಗೂ ಹೋಯಿತು ಎಂದರು. ಟರ್ಬೊದ ಹೊರಕವಚ ಗಟ್ಟಿಯಾಗಿಯೇ ಇತ್ತು. ಆದ್ದರಿಂದ ಇಡೀ ಟರ್ಬೊ ಕೊಳ್ಳದೆ ಒಳಗಿನ ಅಚ್ಚು, ಬೇರಿಂಗ್, ರೆಕ್ಕೆಚಕ್ರ ಸೇರಿದ ತಿರುಳನ್ನು ಮಾತ್ರ ಬೆಂಗಳೂರಿನಿಂದ ತರಿಸಿದರು. ಅದನ್ನು ಯಂತ್ರದಲ್ಲಿಟ್ಟು ತೂಕ ಸಮ ಮಾಡಿಸಿದ ಚೀಟಿ ಜೊತೆಗಿರಲೇಬೇಕು ಎಂದು ಹಟ ಹಿಡಿದರು. ಲಕ್ಷ ಸುತ್ತು ತಿರುಗುವ ವಸ್ತುವಿನಲ್ಲಿ ಒಂದು ಅಕ್ಕಿ ಕಾಳಿನಷ್ಟು ತೂಕ ಹೆಚ್ಚುಕಡಿಮೆಯಾದರೂ ನಡೆಯುವುದಿಲ್ಲ. ಜೋಡಿಸುವಾಗ ಹೊಸ ಬೇರಿಂಗಿಗೆ ಕೈಯಿಂದಲೇ ಎಣ್ಣೆ ಊಡಿಸಿ, ಎಂಜಿನ್ ಉರಿಯದಂತೆ ಮಾಡಿ ಬರೀ ಸ್ಟಾರ್ಟರ್ ತಿರುಗಿಸಿ ಎಣ್ಣೆ ಮೇಲೇರುವವರೆಗೆ ಕಾದರು. ಆಮೇಲೆಯೇ ಎಂಜಿನ್ ಚಾಲೂ ಮಾಡಿದ್ದು.

ಇಷ್ಟಾದರೂ ಕಾರಿಗೆ ಪೂರ್ತಿ ಎಳೆತ ಬರಲಿಲ್ಲ. ಹುಡುಗನ ಮುಖ ಬಾಡಿತು. ಮೆಕ್ಯಾನಿಕ್ ಗಾಳಿಯ ಕೊಳವೆಗಳಿಗೆ ಹೊಗೆ ತುಂಬಿಸಿ ಎಲ್ಲಿ ಸೋರುತ್ತದೆ ಎಂದು ನೋಡಿದರು. ಬೆರಳಿನಷ್ಟು ದಪ್ಪದ ಒಂದು ರಬ್ಬರ್ ಪೈಪು ಒಡೆದಿತ್ತು. ಬೆಲೆ ಮುನ್ನೂರು ಚಿಲ್ಲರೆ. ಹಳೆಯ ಟರ್ಬೊ ಕಾರಿನಲ್ಲಿ ಇಂಥ ರಬ್ಬರ್ ಕೊಳವೆಗಳು ಹತ್ತಾರು ಇರುತ್ತವೆ. ರಬ್ಬರ್ ಕಿಲೋಮೀಟರ್ ಲೆಕ್ಕದಲ್ಲಿ ಮುದಿಯಾಗುವುದಿಲ್ಲ, ವರ್ಷದ ಲೆಕ್ಕದಲ್ಲಿ ಮುದಿಯಾಗುತ್ತದೆ. "ಕಡಿಮೆ ಓಡಿದ ಕಾರು" ಎಂದು ಮಾರುವವರು ಹೆಮ್ಮೆಯಿಂದ ಹೇಳುವಾಗ ಇದನ್ನು ನೆನಪಿಡಿ.

ಟೈಮಿಂಗ್ ಬೆಲ್ಟಿನ ವಿಷಯವೂ ಹಾಗೆಯೇ. ಈ ಎಂಜಿನ್ನಿನಲ್ಲಿ ಮೇಲಿನ ವಾಲ್ವುಗಳನ್ನೂ ಕೆಳಗಿನ ಪಿಸ್ಟನ್ನುಗಳನ್ನೂ ಒಂದೇ ತಾಳದಲ್ಲಿ ಇಡುವುದು ಒಂದು ರಬ್ಬರ್ ಪಟ್ಟಿ. ಓಡುವಾಗ ಅದು ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಎಂಜಿನ್ ಮುಗಿಯಿತು. ಯಾವಾಗ ಬದಲಿಸಿದ್ದು ಎಂಬುದಕ್ಕೆ ಕಾಗದವಿಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಬೇಕು. ಪಟ್ಟಿಯ ಜೊತೆಯಲ್ಲೇ ನೀರಿನ ಪಂಪನ್ನೂ ಬದಲಿಸಿದರು, ಏಕೆಂದರೆ ಎರಡಕ್ಕೂ ಬಿಚ್ಚುವ ಕೂಲಿ ಒಂದೇ.

ಎಲ್ಲ ಸೇರಿ ಖರ್ಚು ಮೊದಲ ಗ್ಯಾರೇಜಿನ ಅಂದಾಜಿಗಿಂತ ತುಸು ಕಡಿಮೆಯಾಯಿತು ಅಷ್ಟೇ, ಅಗ್ಗವೇನೂ ಆಗಲಿಲ್ಲ. ಹುಡುಗ ತನ್ನ ಸಂಬಳದಿಂದ ಕಂತಿನಲ್ಲಿ ಕೊಡುತ್ತಿದ್ದಾನೆ. ಆಪಾಳ ಕೋಣೆ ಒಂದು ವರ್ಷ ಮುಂದಕ್ಕೆ ಹೋಯಿತು. ಇದನ್ನು ಮುಚ್ಚಿಟ್ಟು, ಹಳೆಯ ಸ್ಪೋರ್ಟ್ಸ್ ಕಾರು ಲಾಭದ ವ್ಯಾಪಾರ ಎಂದು ನಾನು ಬರೆದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ. ಕೊಂಡ ಬೆಲೆ ಅಗ್ಗವಾದರೂ ಅದರ ಬಿಡಿಭಾಗಗಳ ಬೆಲೆ ಅಗ್ಗವಲ್ಲ. ಹದಿನೈದು ಲಕ್ಷದ ಕಾರು ಎರಡೂಮುಕ್ಕಾಲಕ್ಕೆ ಇಳಿಯಬಹುದು, ಅದರ ಬ್ರೇಕು ಹದಿನೈದು ಲಕ್ಷದ ಕಾರಿನದ್ದಾಗಿಯೇ ಉಳಿಯುತ್ತದೆ. ನಿಮ್ಮ ಮನೆಯ ಹುಡುಗ ಇಂಥದ್ದನ್ನು ಬಯಸಿದರೆ ಕೊಳ್ಳುವ ಹಣದ ಅರ್ಧದಷ್ಟನ್ನಾದರೂ ಮೊದಲ ವರ್ಷದ ರಿಪೇರಿಗೆ ಬೇರೆ ಇಟ್ಟಿದ್ದಾನೆಯೇ ಎಂದು ಕೇಳಿ. ಇಲ್ಲದಿದ್ದರೆ ಅವನ ಕೈಗೆ ಹಣ ಕೊಡಬೇಡಿ. ಇದು ನನ್ನ ಸ್ವಂತ ಅಭಿಪ್ರಾಯ, ಹುಡುಗರು ಒಪ್ಪಲಿಕ್ಕಿಲ್ಲ.

ಇನ್ನು, ನಮ್ಮ ಮನೆಯಲ್ಲಿ ಅಂಥ ಕಾರಿಲ್ಲವಲ್ಲ ಎನ್ನುವವರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಡೀಸೆಲ್ ಕಾರಿದ್ದರೆ ಅದರಲ್ಲಿ ಟರ್ಬೊ ಇರುವುದು ಹೆಚ್ಚುಕಡಿಮೆ ಖಚಿತ. ಈಚಿನ ವರ್ಷಗಳಲ್ಲಿ ಸಣ್ಣ ಪೆಟ್ರೋಲ್ ಕಾರುಗಳಿಗೂ ಅದು ಬಂದಿದೆ. ಮಕ್ಕಳನ್ನು ಶಾಲೆಗೆ ಬಿಡುವ ಕಾರಿನಲ್ಲೂ ಅದೇ ಪುಟ್ಟ ಚಕ್ರ ತಿರುಗುತ್ತಿರಬಹುದು. ಹೀಗಾಗಿ ಆ ಶೆಡ್ಡಿನಲ್ಲಿ ಕಲಿತದ್ದು ನಮಗೂ ನಿಮಗೂ ಉಪಯೋಗಕ್ಕೆ ಬರುತ್ತದೆ.

ಬೆಳಿಗ್ಗೆ ಕಾರು ಚಾಲೂ ಆದ ಕೂಡಲೇ ಆಕ್ಸಿಲರೇಟರ್ ಒತ್ತಿ ಗುರ್ ಎನ್ನಿಸುವುದು ಹುಡುಗರ ಚಟ. ಡಿಸೆಂಬರಿನ ಚಳಿಯಲ್ಲಿ ಕೊಬ್ಬರಿ ಎಣ್ಣೆ ಹೇಗೆ ಗಟ್ಟಿಯಾಗುತ್ತದೋ, ಅಷ್ಟಲ್ಲದಿದ್ದರೂ ಎಂಜಿನ್ ಎಣ್ಣೆಯೂ ತಣ್ಣಗಿರುವಾಗ ಮಂದವಾಗಿರುತ್ತದೆ. ನಿಂತಲ್ಲೇ ಹತ್ತು ನಿಮಿಷ ಓಡಿಸಬೇಕಾಗಿಲ್ಲ. ಅರ್ಧ ನಿಮಿಷ ಬಿಟ್ಟು ಹೊರಟು, ಮೊದಲ ನಾಲ್ಕೈದು ಕಿಲೋಮೀಟರ್ ಸಾವಧಾನವಾಗಿ ಹೋದರೆ ಸಾಕು.

ಅದಕ್ಕಿಂತ ಮುಖ್ಯವಾದದ್ದು ನಿಲ್ಲಿಸುವ ಕ್ಷಣ. ಬೆಂಗಳೂರಿನಿಂದ ಹೊಸ ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬಂದು, ಹಾಗೆಯೇ ಹೋಟೆಲಿನ ಮುಂದೆ ನುಗ್ಗಿ, ಬೀಗದ ಕೈ ತಿರುಗಿಸಿ ಕಾಫಿಗೆ ಓಡುತ್ತಾರೆ. ಎಂಜಿನ್ ನಿಂತ ಕೂಡಲೇ ಎಣ್ಣೆಯ ಪಂಪೂ ನಿಲ್ಲುತ್ತದೆ. ಕೆಂಪಗೆ ಕಾದ ಟರ್ಬೊದೊಳಗೆ ಸಿಕ್ಕಿಬಿದ್ದ ಎಣ್ಣೆ ಅಲ್ಲೇ ಸುಟ್ಟು ಕರಿಯಾಗುತ್ತದೆ. ನೂರು ಸಲ ಹೀಗೆ ಮಾಡಿದರೆ ನಾವು ಕಂಡ ಸೂಜಿ ತೂತಿನ ಕೊಳವೆ ಸಿದ್ಧ. ವೇಗವಾಗಿ ಬಂದಿದ್ದರೆ, ದಿಂಬಂ ಘಟ್ಟದಂಥ ಏರು ಹತ್ತಿದ್ದರೆ, ಒಂದೆರಡು ನಿಮಿಷ ಎಂಜಿನ್ ಹಗುರವಾಗಿ ಓಡುತ್ತಿರಲಿ, ಆಮೇಲೆ ಬಂದ್ ಮಾಡಿ. ಊರೊಳಗೆ ನಿಧಾನವಾಗಿ ಮನೆಗೆ ಬಂದಿದ್ದರೆ ಬರುವಾಗಲೇ ತಣಿದಿರುತ್ತದೆ, ಗೇಟಿನ ಮುಂದೆ ಬೇರೆ ಕಾಯಬೇಕಾಗಿಲ್ಲ. ಅಂದಹಾಗೆ ಕೆಲವು ಕಾರುಗಳಲ್ಲಿ ಬಂದ್ ಮಾಡಿದ ಮೇಲೂ ಫ್ಯಾನು ಅಥವಾ ಸಣ್ಣ ಪಂಪು ಸ್ವಲ್ಪ ಹೊತ್ತು ಗುಂಯ್ ಎನ್ನುತ್ತಿರುತ್ತದೆ. ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ತಣಿಸಿಕೊಳ್ಳುತ್ತಿದೆ.

ಎಣ್ಣೆಯ ಅಳತೆ ನೋಡುವುದಂತೂ ಅನ್ನ ಬೆಂದಿದೆಯೇ ಎಂದು ನೋಡಿದಷ್ಟೇ ಸುಲಭ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಕೆಲವು ನಿಮಿಷ ಬಿಡಿ. ಬಾನೆಟ್ ಎತ್ತಿದರೆ ಉಂಗುರದಂಥ ಹಿಡಿಯಿರುವ ಒಂದು ಕಡ್ಡಿ ಕಾಣುತ್ತದೆ. ಹೊರಗೆಳೆದು ಹಳೆಯ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಇಳಿಸಿ, ಮತ್ತೆ ತೆಗೆಯಿರಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆಯೂ ಬೇಡ, ಮೇಲಿನ ಗುರುತನ್ನು ಮೀರುವುದೂ ಬೇಡ. ತಿಂಗಳಿಗೆರಡು ಸಲ ನೋಡಿದರೆ ಎಣ್ಣೆ ಇಳಿಯುತ್ತಿದೆಯೇ ಎಂದು ಗೊತ್ತಾಗುತ್ತದೆ. ನಾನು ಐವತ್ತನೆಯ ವಯಸ್ಸಿನಲ್ಲಿ ಇದನ್ನು ಕಲಿತೆ. ಯಾವ ದರ್ಜೆಯ ಎಣ್ಣೆ ಎಂಬುದು ಕಾರಿನ ಕೈಪಿಡಿಯಲ್ಲಿದೆ, ಅದನ್ನೇ ಹಾಕಿಸಿ. ಆಪಾಳ ಮಗನ ಕಾರಿಗೆ ಪೂರ್ಣ ಸಿಂಥೆಟಿಕ್ ಎಣ್ಣೆಯೇ ಆಗಬೇಕು, ಐದು ಸಾವಿರ ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಆಗ ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಕೈಪಿಡಿಯ ಲೆಕ್ಕಕ್ಕಿಂತ ಇದು ಬಹಳ ಬೇಗ. ಆದರೆ ಒಳಗೆ ಜಿಡ್ಡು ಹಿಡಿದಿದ್ದ ಎಂಜಿನ್ನಿಗೆ ಅದು ಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಡೀಸೆಲ್ ವಾಹನದಲ್ಲಿ ಟರ್ಬೊ ಒಡೆದು ಎಣ್ಣೆ ಎಂಜಿನ್ನಿನೊಳಗೆ ನುಗ್ಗಿದರೆ, ಅದು ಆ ಎಣ್ಣೆಯನ್ನೇ ಉರಿಸಿಕೊಂಡು ತಾನಾಗಿ ಓಡತೊಡಗಬಹುದು. ಬೀಗ ತೆಗೆದರೂ ನಿಲ್ಲುವುದಿಲ್ಲ. ಹಿಂದೆ ದಟ್ಟ ಹೊಗೆ, ಎಂಜಿನ್ನಿನ ಚೀತ್ಕಾರ. ಇದು ಅಪರೂಪ, ಆದರೆ ಆಗುತ್ತದೆ. ಕಾರನ್ನು ಬದಿಗೆ ತಂದು ಮಕ್ಕಳನ್ನು ಇಳಿಸಿ ದೂರ ಹೋಗಿ. ಗೇರಿನ ಕಾರಾಗಿದ್ದರೆ ಚಾಲಕರು ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಅಡಗಿಸಲು ನೋಡಬಹುದು. ಬಾನೆಟ್ ಎತ್ತಿ ಕೈ ಹಾಕುವ ಸಾಹಸ ಯಾರೂ ಮಾಡಬಾರದು.

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕೆಗಳ ಒಂದು ಗುರುತಿದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2315 ಎಂದಿದ್ದರೆ 2015ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ನಮ್ಮ ಹುಡುಗ ಕೊಂಡ ಕಾರಿನ ಟೈರಿನಲ್ಲಿ ಕಂಡದ್ದು ಇದೇ ಸಂಖ್ಯೆ! ಮೇಲಿನ ಹಲ್ಲುಗಳು ಚೆನ್ನಾಗಿಯೇ ಇದ್ದವು, ಕಪ್ಪು ಬಣ್ಣ ಬಳಿದು ಮಿಂಚಿಸಿದ್ದರು. ಬದಿಯಲ್ಲಿ ಬೆರಳಿನಿಂದ ಒತ್ತಿದರೆ ಸಣ್ಣ ಬಿರುಕು. 150 ಅಶ್ವಶಕ್ತಿಯ ಕಾರು ಅಂಥ ಟೈರಿನ ಮೇಲೆ ಓಡುತ್ತಿತ್ತು, ಅದರಲ್ಲಿ ನನ್ನ ಅಕ್ಕ ಕುಳಿತಿದ್ದಳು. ಟರ್ಬೊ ಕೆಟ್ಟರೆ ಹಣ ಹೋಗುತ್ತದೆ, ಇದು ಒಡೆದಿದ್ದರೆ ಏನು ಹೋಗುತ್ತಿತ್ತು ಎಂದು ಯೋಚಿಸಲಾರೆ. ಟರ್ಬೊ ರಿಪೇರಿಯ ಬಿಲ್ಲಿಗಿಂತ ಮುಂಚೆ ಆಪಾ ಹಣ ಕೊಟ್ಟದ್ದು ನಾಲ್ಕು ಟೈರಿಗೆ ಮತ್ತು ಬ್ರೇಕಿಗೆ.

ಈಗ ಪಂಪುಗಳಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಬರುತ್ತಿದೆ. ಇಪ್ಪತ್ತು ವರ್ಷದ ಹಿಂದಿನ ಕಾರುಗಳ ರಬ್ಬರ್ ಕೊಳವೆಗಳನ್ನು ಅದಕ್ಕಾಗಿ ಮಾಡಿದ್ದಲ್ಲ. ಪೆಟ್ರೋಲ್ ವಾಸನೆ ಬಂದರೆ ತಡಮಾಡದೆ ತೋರಿಸಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಆರ್‌ಟಿಒ ಕಚೇರಿಯಲ್ಲಿ ನವೀಕರಿಸಿರಬೇಕು, ಅದು ಐದೈದು ವರ್ಷಕ್ಕೊಮ್ಮೆ. ಹಣ ಕೊಡುವ ಮುಂಚೆ ಆರ್‌ಸಿಯ ಅವಧಿ ಎಲ್ಲಿಯವರೆಗೆ ಎಂದು ಓದಿ ನೋಡಿ.

ಮೆಕ್ಯಾನಿಕ್ ಕಾರು ಒಪ್ಪಿಸುವ ದಿನ ಬೀಗದ ಕೈಯನ್ನು ಹುಡುಗನಿಗೆ ಕೊಡಲಿಲ್ಲ, ಆಪಾಳ ಕೈಗೆ ಕೊಟ್ಟರು. ಅವಳು ತನ್ನ ಹೊಲಿಗೆ ಲೆಕ್ಕದ ಪುಸ್ತಕದಲ್ಲಿ, ರವಿಕೆ ಅಳತೆಗಳ ಹಿಂದಿನ ಪುಟದಿಂದ, ಕಾರಿಗೊಂದು ಭಾಗ ಮಾಡಿದ್ದಾಳೆ. ತಾರೀಕು, ಓಡಿದ ಕಿಲೋಮೀಟರ್, ಹಾಕಿದ ಎಣ್ಣೆ, ಕೊಟ್ಟ ಹಣ. ಬಿಲ್ಲುಗಳನ್ನು ಸೂಜಿಗೆ ಪೋಣಿಸಿ ಇಟ್ಟಿದ್ದಾಳೆ. ಮುಂದೆ ಎಂದಾದರೂ ಮಾರುವುದಾದರೆ ಟರ್ಬೊ ತಿರುಳು ಬದಲಾದದ್ದೂ, ಎಂಜಿನ್ನಿನಲ್ಲಿ ಜಿಡ್ಡಿದ್ದದ್ದೂ ಕೊಳ್ಳುವವರಿಗೆ ಆ ಪುಸ್ತಕದಲ್ಲಿಯೇ ಕಾಣಬೇಕು ಎನ್ನುತ್ತಾಳೆ.

ಹೋದ ಭಾನುವಾರ ಶ್ರೀರಂಗಪಟ್ಟಣಕ್ಕೆ ನಮ್ಮನ್ನೆಲ್ಲ ಅದರಲ್ಲೇ ಕರೆದೊಯ್ದರು. ಕಾರು ಚೆನ್ನಾಗಿ ಓಡುತ್ತದೆ, ಸುಳ್ಳು ಹೇಳಬಾರದು. ಏರಿನಲ್ಲಿ ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದಂತಾಗುತ್ತದೆ. ಎ.ಸಿ. ಮಾತ್ರ ಕೆಲಸ ಮಾಡುತ್ತಿಲ್ಲ. ಬೇಸಿಗೆಗೆ ಮುಂಚೆ ಮಾಡಿಸೋಣ ಎಂದು ಹುಡುಗ ರಾಗ ತೆಗೆದ. ಆಪಾ ಪುಸ್ತಕ ತೆರೆದು ನೋಡಿ, ಈ ತಿಂಗಳು ಆಗುವುದಿಲ್ಲ, ಕಿಟಕಿ ಇಳಿಸಿಕೋ ಎಂದಳು.